ಪೈಪ್‌ಲೈನಿನಲ್ಲಿರುವ ಮದ್ದು

ಹೃದಯದ ಮದ್ದುಗಳ ಪೇಟೆ ಮುಂದೆ ಹೇಗಿರುತ್ತದೆಂದು ದೊಡ್ಡ ದೊಡ್ಡ ಕಂಪನಿಗಳು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಿವೆ. ಭಾಂಡುಪಿಗೆ ಬಂದು ನನ್ನ ಸೋದರಮಾವನನ್ನು ಕೇಳಲಿ, ಒಂದು ಚಹಾ ಮುಗಿಯುವುದರೊಳಗೆ ಎಲ್ಲ ಹೇಳಿಬಿಡುತ್ತಾರೆ! ಅವರೇನು ಡಾಕ್ಟರೇ? ಶೇರು ದಲ್ಲಾಳಿಯೇ? ಛೆ ಛೆ! ಉಡುಪಿಯಿಂದ ಬಂದು ಕುರ್ಲಾದ ಹೋಟೆಲೊಂದರಲ್ಲಿ ನಲವತ್ತು ವರ್ಷ ಸಾಂಬಾರು ಕುದಿಸಿದವರು. ಹಂಡೆಯ ಹಬೆ ಮೂಸಿಯೇ 'ಉಪ್ಪು ಕಮ್ಮಿ' ಎನ್ನುತ್ತಿದ್ದ ಪಂಡಿತರು.

ಶುರುವಾದದ್ದು ಹೋದ ವರ್ಷ. ಅತ್ತೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಲ್ಲಿ ಊತ. ಪರೇಲಿನ ಡಾಕ್ಟರು ಪರೀಕ್ಷೆಯೆಲ್ಲ ಮಾಡಿಸಿ, "ಹಾರ್ಟ್ ಫೇಲ್ಯೂರ್" ಎಂದರು. ನಮ್ಮವರಲ್ಲಿ ಹಾರ್ಟ್ ಫೇಲ್ ಎಂದರೆ ಕಥೆ ಮುಗಿಯಿತು, ಉಳಿದದ್ದು ಹನ್ನೆರಡನೆಯ ದಿನದ ಊಟ! ಮಾವ ಎದ್ದೇ ನಿಂತರು.

"ಎಂಥ ಮಾತಾಡ್ತೀರಿ ಡಾಕ್ಟ್ರೇ? ಇವಳು ಇಲ್ಲೇ ಕೂತು ನನ್ನನ್ನು ಬೈತಾ ಇದ್ದಾಳಲ್ಲ!"

ಹೃದಯ ನಿಂತಿಲ್ಲ, ಸೋತಿದೆ ಅಷ್ಟೇ. ಮಾತ್ರೆಯಿಂದ ಸಂಭಾಳಿಸಬಹುದು, ಇನ್ನೂ ಒಳ್ಳೆಯ ಮದ್ದುಗಳು ತಯಾರಾಗುತ್ತಿವೆ, ಪೈಪ್‌ಲೈನಿನಲ್ಲಿವೆ ಎಂದು ಡಾಕ್ಟರು ಸಮಾಧಾನ ಮಾಡಿದರು. ಆ ಪೈಪ್‌ಲೈನನ್ನು ಮಾವ ಇವತ್ತಿಗೂ ಬಿಟ್ಟಿಲ್ಲ.

"ನಮ್ಮ ಪೈಪಿನಲ್ಲಿ ನೀರೇ ಸರಿ ಬರುವುದಿಲ್ಲ, ಮದ್ದು ಬರ್ತದಾ?" ಅತ್ತೆಯ ಪ್ರಶ್ನೆ.

"ಬಂದೇ ಬರ್ತದೆ!" ಎಂದು ಮಾವ ನನ್ನ ಕಡೆ ತಿರುಗುತ್ತಾರೆ. "ನೋಡು ಮಾರಾಯ, ಮೊದಲ ದೋಸೆ ಕಾವಲಿಗೆ ಅಂಟುವುದೇ. ಕೆಲವು ಮದ್ದು ಟ್ರಯಲ್‌ನಲ್ಲಿ ಹಾಗೇ ಅಂಟ್ತದೆ, ಹೆದರಬಾರದು. ಒಂದು ಗೆದ್ದರೆ ಸಾಕು. ಶುರುವಿಗೆ ರೇಟು ಆಕಾಶದಲ್ಲಿ! ಆಮೇಲೆ? ಒಬ್ಬನ ಪಾವ್‌ಭಾಜಿ ಓಡಿದರೆ ಬೀದಿಯಿಡೀ ಪಾವ್‌ಭಾಜಿ. ಹತ್ತು ಕಂಪನಿಯವರು ಅದನ್ನೇ ಮಾಡ್ತಾರೆ, ರೇಟು ತನ್ನಷ್ಟಕ್ಕೆ ಇಳೀತದೆ."

ಯಾವ ತಜ್ಞ ಇದಕ್ಕಿಂತ ಚೆನ್ನಾಗಿ ಹೇಳಿಯಾನು?

ಒಮ್ಮೆ ಪರೇಲಿಗೆ ಹೋಗುವಾಗ ಲೋಕಲ್ ರೈಲಿನಲ್ಲೂ ಮಾವನದು ಇದೇ ಉಪನ್ಯಾಸ. 'ಹಾರ್ಟ್ ಫೇಲ್' ಎಂದದ್ದು ಕಿವಿಗೆ ಬಿದ್ದು ಪಕ್ಕದವನು ಮರುಕದಿಂದ, "ಕಿಸ್‌ಕಾ, ಅಂಕಲ್?" ಎಂದ.

"ಮೇರೀ ಬೀವೀ ಕಾ," ತಮ್ಮ ಹೆಂಡತಿಯದೆಂದರು ಮಾವ.

"ಅರೇರೇ! ಕಬ್?"

"ಪಿಛ್ಲೆ ಸಾಲ್," ಹೋದ ವರ್ಷವೇ ಎಂದು ಮಾವ ಕೈ ತೋರಿಸಿದರು. "ವೋ ದೇಖೋ, ಖಿಡಕೀ ಕೆ ಪಾಸ್ ಬೈಠೀ ಹೈ!"

ಅತ್ತೆ ಕಿಟಕಿಯ ಹತ್ತಿರದಿಂದ ತಿರುಗಿ ನಕ್ಕರು. ಪುಣ್ಯಾತ್ಮ ಮುಂದಿನ ಸ್ಟೇಷನ್‌ನಲ್ಲೇ ಇಳಿದುಬಿಟ್ಟ!

ಮೊನ್ನೆ ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅಡುಗೆ ಈಗ ಮಾವನದೇ. ಸಾರು ಬಾಯಿಗಿಟ್ಟರೆ ಉಪ್ಪಿನ ಸುಳಿವೇ ಇಲ್ಲ. ಉಪ್ಪಿನ ಭರಣಿಗಾಗಿ ಕಣ್ಣಾಡಿಸಿದೆ, ಅದೂ ಇಲ್ಲ.

"ಮೂಗು ಕೈಕೊಟ್ಟಿತಾ ಮಾವ?" ಎಂದು ಚುಡಾಯಿಸಿದೆ.

ಅತ್ತೆಯೇ ಹೇಳಿದರು: "ಡಾಕ್ಟರು ಉಪ್ಪು ಕಮ್ಮಿ ಮಾಡ್ಲಿಕ್ಕೆ ಹೇಳಿದ್ದು ನನಗೆ. ನಿನ್ನ ಮಾವ ತಾವೂ ಬಿಟ್ಟಿದ್ದಾರೆ. ನಿಮಗ್ಯಾಕೆ ಅಂದರೆ ಕೇಳುವುದಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಅಂತ ನಲವತ್ತು ವರ್ಷ ಹೇಳಿದವರು!"

ಮಾವ ತಲೆಯೆತ್ತದೆ ಅತ್ತೆಯ ತಟ್ಟೆಗೆ ಸಾರು ಬಡಿಸಿದರು. "ಮದ್ದು ಬರ್ತದೆ, ಅದರಲ್ಲಿ ನನಗೆ ಸಂಶಯ ಇಲ್ಲ. ಬರುವಾಗ ಇವಳು ಇರಬೇಕು, ಅಷ್ಟೇ."

ಆ ದೊಡ್ಡ ಗಂಟಲು ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ನನ್ನ ತಟ್ಟೆಯನ್ನೂ ಮುಂದೆ ಚಾಚಿದೆ.

"ನನಗೂ ಒಂದು ಸೌಟು ಹಾಕಿ, ಮಾವ."