ಅಜ್ಜಂದಿರ ಗೋಡೆಗೆ ಮೊಮ್ಮಕ್ಕಳ ಕರಾರು

ಮನೆ ಕಟ್ಟಲು ಹೊರಟವನನ್ನು ಕಂಡರೆ ಊರಿನಲ್ಲಿ ಎಲ್ಲರಿಗೂ ಕರುಣೆ ಉಕ್ಕುತ್ತದೆ. ಸಿಮೆಂಟು ಎಲ್ಲಿ ಅಗ್ಗ, ಉಸುಕು ಯಾರ ಹತ್ತಿರ ಚೆನ್ನಾಗಿದೆ, ಯಾವ ಗೌಂಡಿ ಮುಂಗಡ ಇಸಿದುಕೊಂಡು ಮಾಯವಾಗುತ್ತಾನೆ, ಎಲ್ಲವನ್ನೂ ಕೇಳದಿದ್ದರೂ ಹೇಳುತ್ತಾರೆ. ಪಕ್ಕದ ಮನೆಯವರ ಒಪ್ಪಿಗೆಗೆ ಏನು ಬೆಲೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕುಷ್ಟಗಿಯಲ್ಲಿ ನಮ್ಮದು ಹಳೆಯ ಓಣಿ. ನಮ್ಮ ಅಡಿಗೆಮನೆಗೂ ಕಿರಾಣಿ ಅಂಗಡಿಯ ಈರಣ್ಣನ ಪಡಸಾಲೆಗೂ ನಡುವೆ ಒಂದೇ ಮಣ್ಣಿನ ಗೋಡೆ. ದಪ್ಪವೆಂದರೆ ಅದರ ಗೂಡಿನೊಳಗೆ ಬೆಕ್ಕು ಮರಿ ಹಾಕಿ ಸಂಸಾರ ಮಾಡಬಹುದು, ಒಮ್ಮೆ ಮಾಡಿಯೂ ಇತ್ತು. ಆ ಗೋಡೆಯ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಆದರೆ ನನ್ನ ಹೆಂಡತಿ ಗಿರಿಜಾಳ ಮೊಣಕಾಲು ಹಿಡಿದುಕೊಂಡಿತ್ತು. ಮೂವತ್ತು ವರ್ಷ ನೆಲದ ಮೇಲೆ ಕೂತು ರೊಟ್ಟಿ ಬಡಿದ ಕಾಲು. "ಇನ್ನ ಕೆಳಗ ಕುಂತು ಅಡಿಗಿ ಮಾಡಬ್ಯಾಡ್ರಿ ಅಕ್ಕಾರ, ನಿಂತು ಮಾಡ್ರಿ" ಎಂದು ಕೊಪ್ಪಳದ ಡಾಕ್ಟರು ಹೇಳಿದರು. ನಿಂತು ಮಾಡಲು ಕಟ್ಟೆ ಬೇಕು, ಕಟ್ಟೆಗೆ ಜಾಗವಿಲ್ಲ. ದಪ್ಪ ಗೋಡೆ ಕೆಡವಿ ಇಟ್ಟಂಗಿಯ ತೆಳು ಗೋಡೆ ಎಬ್ಬಿಸಿದರೆ ಎರಡೂ ಮನೆಗೆ ಒಂದೊಂದು ಮೊಳ ಸಿಗುತ್ತದೆ ಎಂದು ಗೌಂಡಿ ಹುಸೇನಸಾಬ ದಾರಿ ತೋರಿಸಿದ.

ಈರಣ್ಣ ಒಳ್ಳೆಯವನು. ಹೇಳಿದ ಕೂಡಲೇ "ಕೆಡವ್ರಿ ಅಣ್ಣಾರ, ಅದಕ್ಕೇನ ಕೇಳ್ತೀರಿ" ಎಂದ. ಅಲ್ಲಿಗೇ ಕೈಮುಗಿದು ಹಾರೆ ತರಿಸಬೇಕಿತ್ತು. ಆದರೆ ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿಯೇ ಮುಪ್ಪಾದವನು. ಕಾಗದದ ಮೇಲೆ ಬಾರದ ಮಾತು ನನಗೆ ಮಾತೇ ಅಲ್ಲ. "ಹಂಗಲ್ಲೋ ಈರಣ್ಣ, ನಾಳೆ ನಮ್ಮ ಮಕ್ಕಳು ಜಗಳ ಆಡಬಾರ್ದು. ಒಂದು ಕರಾರುಪತ್ರ ಮಾಡೂಣು" ಎಂದೆ. ಅವನು ತಲೆ ತುರಿಸಿಕೊಂಡು ಒಪ್ಪಿದ. ವಕೀಲರ ಫೀಸು, ಛಾಪಾ ಕಾಗದ, ಕೊಪ್ಪಳದ ಬಸ್ಸು, ಪಂಚರಿಗೆ ಚಹಾ ಮಿರ್ಚಿ... ಹಾಳಾಗಿ ಹೋಗಲಿ, ಅದನ್ನು ಬರೆಯುತ್ತ ಕೂತರೆ ಮತ್ತೆ ಮೈ ಉರಿಯುತ್ತದೆ. ಈರಣ್ಣನ ಕಡೆಯ ಸಾಕ್ಷಿ ತಾವರಗೇರಾದಲ್ಲಿರುವ ಅವನ ಸೋದರಮಾವ. ಆತ ಅಮಾವಾಸ್ಯೆ ಹತ್ತಿರವಿದ್ದರೆ ಪೆನ್ನು ಮುಟ್ಟುವುದಿಲ್ಲ, ಸಂತೆಯ ದಿನ ಊರು ಬಿಡುವುದಿಲ್ಲ, ಉಳಿದ ದಿನ ಬೀಗರ ಮನೆಯಲ್ಲಿರುತ್ತಾನೆ.

ಇಷ್ಟಾದರೂ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತಿತ್ತು. ಕೆಡಿಸಿದ್ದು ನಾನು ಸೇರಿಸಿದ ಒಂದು ಸಾಲು: 'ಸದರಿ ಗೋಡೆಯು ಮೊದಲನೇ ಪಾರ್ಟಿಯವರ ಅಜ್ಜನವರು ಸ್ವಂತ ಖರ್ಚಿನಿಂದ ಕಟ್ಟಿಸಿದ್ದು ಇರುತ್ತದೆ.' ಕರಾರಿಗೆ ಅದು ಬೇಕಾಗಿಯೇ ಇರಲಿಲ್ಲ. ಬರಹಕ್ಕೆ ಸ್ವಲ್ಪ ತೂಕ ಬರಲಿ ಎಂದು ಸೇರಿಸಿದೆ. ಈರಣ್ಣ ಓದಿ ಕಾಗದ ಮಡಚಿದ. "ಅಣ್ಣಾರ, ಜಾಗಾ ಬೇಕಂದ್ರ ಇನ್ನೂ ಒಂದ್ ಗೇಣು ತಗೋರಿ. ಆದ್ರ ಈ ಗ್ವಾಡಿ ಕಟ್ಟಿಸಿದಾಂವ ನಮ್ಮ ಮುತ್ಯಾ" ಎಂದ. ಜಾಗ ಬಿಟ್ಟರೂ ಅಜ್ಜನನ್ನು ಬಿಡಲು ಇಬ್ಬರೂ ತಯಾರಿರಲಿಲ್ಲ. ನಾನು ಮನೆಯ ಹಳೆಯ ದಾಖಲೆ, ಉತಾರಗಳ ಧೂಳು ಕೊಡವಿ ಸೀನಿದೆ. ಅವನು ಓಣಿಯ ಹಿರಿಯ ಜೀವ ಗೌರಮ್ಮಾಯಿಯನ್ನು ಸಾಕ್ಷಿ ಹೇಳಲು ಕರೆತಂದ. ಆಕೆ ಗೋಡೆ ಮುಟ್ಟಿ ನೋಡಿ, "ಇಬ್ರೂ ಮಣ್ಣಾಗ ನಿಂತಿದ್ರಪ್ಪಾ, ಯಾರು ಯಾರು ಗುರ್ತ ಹತ್ತಿಲ್ಲ" ಎಂದು ಚಹಾ ಕುಡಿದು ಹೋದಳು. ಹೀಗೆ ಎಂಟು ತಿಂಗಳು. ಅಷ್ಟೂ ದಿನ ಗಿರಿಜಾ ಕೆಳಗೆ ಕೂತೇ ರೊಟ್ಟಿ ಬಡಿದಳು. ಏಳುವಾಗ ಅದೇ ಗೋಡೆ ಹಿಡಿದು ಏಳುತ್ತಿದ್ದಳು. "ಯಾರ ಅಜ್ಜಂದರ ಇರ್ಲಿ, ಬರದು ಒಗೀರಿ ಅತ್ಲಾಗ" ಎಂದು ಒಂದೆರಡು ಸಲ ಹೇಳಿದಳು. ಇದು ಮನೆತನದ ಪ್ರಶ್ನೆ ಎಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಬೇಸತ್ತ ವಕೀಲರು 'ಉಭಯತರ ಹಿರಿಯರು' ಎಂದು ಬರೆದು ಕೈತೊಳೆದುಕೊಂಡರು. ಸೋದರಮಾವನಿಗೂ ಒಂದು ದಿನ ಬಿಡುವಾಯಿತು. ಹುಸೇನಸಾಬ ಹಾರೆ ಹಾಕಿದ, ನಾಲ್ಕು ಏಟಿಗೇ ನಿಂತ. "ಸರ್ರ, ಇಲ್ಲಿ ಬರ್ರಿ. ಇದು ಒಂದ್ ಗ್ವಾಡಿ ಅಲ್ರಿ, ಎರಡ ಅದಾವ." ನೋಡಿದರೆ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಗೋಡೆಗಳು, ನಡುವಿನ ಸಂದಿಗೆ ಹರಳುಗಲ್ಲು ತುಂಬಿ ನೆತ್ತಿಯ ಮೇಲೆ ಮಣ್ಣು ಮೆತ್ತಿದ್ದರು. ನಮ್ಮಜ್ಜ ನಮ್ಮದನ್ನು ಕಟ್ಟಿಸಿದ್ದ, ಅವರ ಮುತ್ಯಾ ಅವರದನ್ನು. "ನಿಮ್ಮದು ನೀವು ಯಾವಾಗ ಬೇಕಾದ್ರೂ ಕೆಡವಬಹುದಿತ್ತಲ್ರಿ, ಯಾರನ್ನ ಕೇಳೂದಿತ್ತು?" ಎಂದ ಹುಸೇನಸಾಬ. ಈರಣ್ಣ ನನ್ನ ಮುಖ ನೋಡಿದ. ನಾನು ಮಣ್ಣು ನೋಡಿದೆ.

ಕಟ್ಟೆ ಆಯಿತು. ಗಿರಿಜಾಳನ್ನು ನಿಲ್ಲಿಸಿ ಅವಳ ಎತ್ತರ ಅಳೆದೇ ಕಟ್ಟಿಸಿದೆ, ಮೇಲೆ ಕರಿಯ ಗ್ರಾನೈಟ್ ಹಾಸಿಸಿದೆ. ಅದೇ ವಾರ ಡಾಕ್ಟರು ಮೊಣಕಾಲು ಒತ್ತಿ ನೋಡಿ, "ಭಾಳ ತಡಾ ಮಾಡೀರಿ. ಈಗ ನಿಲ್ಲೂದೂ ಬ್ಯಾಡ್ರಿ" ಎಂದರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳು ಮೊಣಕಾಲು ನೀವಿಕೊಳ್ಳುತ್ತ ಕಿಟಕಿಯಾಚೆ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ಅವಳು ಕುರ್ಚಿಯ ಮೇಲೆ ಕೂತು "ಅಂಚು ಒಡ್ಯಾಕತ್ತೈತಿ, ಮೆಲ್ಲಕ ಬಡೀರಿ" ಎಂದು ಹೇಳುತ್ತಾಳೆ, ರೊಟ್ಟಿ ಬಡಿಯುವವನು ನಾನು. ಕಟ್ಟೆ ನನಗೆ ಗಿಡ್ಡ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ. ಡಾಕ್ಟರಿಗೆ ತೋರಿಸಲು ಹೆದರಿಕೆ. ಕೆಳಗೆ ಕೂತು ಮಾಡಿರಿ ಎಂದುಬಿಟ್ಟರೆ, ಕಟ್ಟೆ ಎದ್ದ ಮೇಲೆ ನೆಲದಲ್ಲಿ ಕೂರಲು ಅಲ್ಲಿ ಜಾಗವೇ ಇಲ್ಲ.