ತಂಗಿ ಇದ್ದಳೋ, ಇಲ್ಲವೋ

ಸಿನಿಮಾ ಡಬ್ಬದ ಜೊತೆ ಊರೂರು ತಿರುಗುವವನಿಗೆ ದಿನಕ್ಕೊಂದು ತಮಾಷೆ ಎದುರಾಗುತ್ತಲೇ ಇರುತ್ತದೆ. ಆದರೆ ಒಂದೇ ಸಿನಿಮಾ ಮೂರು ಊರಿನ ಜನರನ್ನು ಎರಡು ಪಕ್ಷ ಮಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ.

ಎಪ್ಪತ್ತರ ದಶಕದ ಮಾತು. ನಾನು ಆಗ ಹಂಚಿಕೆದಾರರ ಕಡೆಯ ಆಳು. ರೀಲಿನ ಡಬ್ಬಗಳನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಹೋಗಿ, ಸಿನಿಮಾ ಓಡುವಷ್ಟು ದಿನ ಆ ಊರಲ್ಲೇ ಇದ್ದು ಟಿಕೆಟ್ಟಿನ ಲೆಕ್ಕ ನೋಡಬೇಕು. ಆ ವರ್ಷ ನನ್ನ ಪಾಲಿಗೆ ಬಂದದ್ದು ಒಂದು ಹಳೆಯ ಕಪ್ಪುಬಿಳುಪು ಚಿತ್ರ. ಹಿಂದೆ ಬಹಳ ಹೆಸರು ಮಾಡಿ, ಮತ್ತೆ ಬಿಡುಗಡೆಯಾಗಿತ್ತು. ಕಥೆ ಇಷ್ಟು: ದೊಡ್ಡ ಮನೆಯೊಂದರಲ್ಲಿ ಒಬ್ಬ ಹೆಂಗಸು ತನ್ನ ತಂಗಿಯ ಜೊತೆ ಮಾತಾಡುತ್ತಿರುತ್ತಾಳೆ. ತಂಗಿ ನಮಗೆ ಕಾಣುವುದಿಲ್ಲ. ಗಂಡ, ಡಾಕ್ಟರು, ಅಡಿಗೆಯವನು ಎಲ್ಲರೂ 'ನಿನಗೆ ತಂಗಿಯೇ ಇಲ್ಲ' ಅನ್ನುತ್ತಾರೆ. ಕೊನೆಗೆ ಅವಳು ಎರಡು ಲೋಟ ಕಾಫಿ ತಂದು ಮೇಜಿನ ಮೇಲಿಟ್ಟು, ಒಂದನ್ನೂ ಮುಟ್ಟದೆ ಹೊರಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಕ್ಯಾಮೆರಾ ಮೇಜಿನ ಹತ್ತಿರ ಹೋದರೆ ಒಂದು ಲೋಟ ಖಾಲಿ. ಶುಭಂ.

ಮೂರು ಸಲದ ಪ್ರಯೋಗ

ಮಂಡ್ಯದಲ್ಲಿ ಮೊದಲ ವಾರ. ಭತ್ತದ ತಳಿ ಬೆಳೆಸುವ ವಿ.ಸಿ. ಫಾರಂನ ವಿಜ್ಞಾನಿಯೊಬ್ಬರೂ ಅವರ ಗದ್ದೆ ಮೇಸ್ತ್ರಿಯೂ ಮ್ಯಾಟಿನಿಗೆ ಬಂದಿದ್ದರು. ಸಾಹೇಬರು ಬಾಲ್ಕನಿಯಲ್ಲಿ, ಮೇಸ್ತ್ರಿ ಕೆಳಗೆ ಬೆಂಚಿನಲ್ಲಿ. ಆಟ ಬಿಟ್ಟ ಮೇಲೆ ಇಬ್ಬರೂ ಸೈಕಲ್ ಸ್ಟ್ಯಾಂಡಿನಲ್ಲಿ ಸೇರಿದರು.

"ಪಾಪ, ಅದು ಮನಸ್ಸಿನ ಕಾಯಿಲೆ ಕಣಯ್ಯ. ತಂಗಿ ಅನ್ನೋದೆಲ್ಲ ಭ್ರಮೆ" ಅಂದರು ಸಾಹೇಬರು.

ಮೇಸ್ತ್ರಿ ಸೈಕಲ್ಲಿನ ಬೀಗ ತೆಗೆಯುತ್ತಾ, "ಬ್ರಮೆ ಕಾಪಿ ಕುಡಿತದಾ ಸಾ" ಅಂದ.

ಸಾಹೇಬರು ಪೆಡಲಿನ ಮೇಲಿಟ್ಟ ಕಾಲು ತೆಗೆದರು. ಮಾರನೆಯ ದಿನ ಇಬ್ಬರೂ ಮತ್ತೆ ಹಾಜರು. ಈ ಸಲ ಸಾಹೇಬರು ಬಾಲ್ಕನಿ ಬಿಟ್ಟು ಮೇಸ್ತ್ರಿ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ನೋಟ್‌ಬುಕ್ಕು ತೆಗೆದಿದ್ದರು. ಮೂರನೆಯ ದಿನವೂ ಬಂದಾಗ ತಡೆಯಲಾರದೆ ನಾನೇ ಕೇಳಿದೆ. "ಒಂದು ಫಲಿತಾಂಶ ನಂಬಬೇಕಾದರೆ ಪ್ರಯೋಗ ಮೂರು ಸಲ ಆಗಬೇಕು" ಎಂದು ಗಂಭೀರವಾಗಿ ಹೇಳಿ ಒಳಗೆ ಹೋದರು.

ಹಿಂದೆ ಬರುತ್ತಿದ್ದ ಮೇಸ್ತ್ರಿ ನನ್ನ ಕಿವಿಯಲ್ಲಿ ಹೇಳಿದ: "ಅಲ್ಲಿ ನಾಟಿ ಆಕಿರೋ ಬತ್ತ ನೋಡೋರಿಲ್ಲ. ಇಲ್ಲಿ ಬಂದು ಲೋಟ ಕಾಯ್ತಾ ಅವ್ರೆ."

ಹನಕೆರೆಯ ಭಾವ, ಬಾಮೈದ

ಮದ್ದೂರಿನಲ್ಲಿ ಟೆಂಟು. ಮರಳ ಮೇಲೆ ಕೂತು ನೋಡುವ ಸುಖ ಈಗ ಯಾವ ಮೆತ್ತನೆ ಕುರ್ಚಿಯಲ್ಲೂ ಇಲ್ಲ. ಅಲ್ಲಿಗೆ ಹನಕೆರೆಯಿಂದ ಭಾವ, ಬಾಮೈದ ಇಬ್ಬರು ರೈಲಿನಲ್ಲಿ ಬಂದರು. ವಾಪಸ್ಸು ಗಾಡಿ ಸಿಕ್ಕಬೇಕಾದರೆ ಆಟ ಮುಗಿಯಲು ಹತ್ತು ನಿಮಿಷ ಇರುವಾಗಲೇ ಏಳಬೇಕು. ಎದ್ದು ಓಡಿದರು.

ಮಾರನೆಯ ಬೆಳಿಗ್ಗೆಯೇ ನನ್ನನ್ನು ಹುಡುಕಿಕೊಂಡು ಬಂದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ಭಾವ ಹೇಳಿದ: "ಗಂಡನೇ ತಂಗೀನ ಕೊಂದು ಮುಚ್ಚಾಕವ್ನೆ ಅಂತ ನಾನು. ತಂಗಿ ಉಪ್ಪರಿಗೆ ಮೇಲೆ ಬಚ್ಚಿಟ್ಕಂಡವ್ಳೆ ಅಂತ ಇವ್ನು. ರಾತ್ರಿಯೆಲ್ಲಾ ಇದೇ ಆಗೋಯ್ತು, ನಿದ್ದೆ ಇಲ್ಲ. ಕೊನೇಗ್ ಏನಾಯ್ತು, ಯೋಳ್ಬುಡಿ ಸಾಮಿ."

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಎರಡು ಲೋಟ ಕಾಫಿ ಇಡ್ತಾಳೆ. ಒಂದು ಖಾಲಿ ಆಗುತ್ತೆ. ಅಷ್ಟೇ."

ಇಬ್ಬರೂ ಮುಖ ಮುಖ ನೋಡಿಕೊಂಡರು. ರಾತ್ರಿಯೆಲ್ಲ ಜಗಳವಾಡಿದವರು ಆಗ ಒಂದಾದರು. "ಯೋಳಾಕ್ ಇಷ್ಟ ಇಲ್ದಿದ್ರೆ ಇಲ್ಲ ಅನ್ನಿ" ಅಂದ ಬಾಮೈದ. "ಸುಳ್ ಯಾಕ್ ಯೋಳೀರಿ?"

ತಂಗಿಗೆ ರಜಾ

ಅದೇ ಟೆಂಟಿಗೆ ಚಿಕ್ಕರಸಿನಕೆರೆಯಿಂದ ನಾಲ್ಕು ಜನ ಹೆಂಗಸರು ಬಸ್ಸಿನಲ್ಲಿ ಬಂದಿದ್ದರು. ಹೋಗುವಾಗ ತಂಗಿಯನ್ನು ಕಣ್ಣಾರೆ ಕಂಡೆವು ಅಂದರು. "ಕಿಟಕಿ ಮಗ್ಗುಲಲ್ಲೇ ನಿಂತವ್ಳೆ ಕಣಪ್ಪ, ತಲೆ ಕೆದ್ರಿಕೊಂಡು. ಗಂಡಸ್ರಿಗೆ ಯಾಕ್ ಕಾಣಾಕಿಲ್ಲ?"

ನನಗೇ ಅನುಮಾನ ಬಂದು, ಹಗಲು ಹೊತ್ತಿನಲ್ಲಿ ಹೋಗಿ ಪರದೆ ನೋಡಿದೆ. ಹೆಂಗಸರು ಕೂರುವ ಕಡೆಯ ಮೂಲೆಯಲ್ಲಿ ಮಳೆನೀರು ಇಳಿದು ಆಳೆತ್ತರದ ಕಲೆಯಾಗಿತ್ತು. ಟೆಂಟಿನ ಯಜಮಾನರಿಗೆ ಹೇಳಿದೆ. ಅವರು ನಾಚಿಕೊಂಡು ಅವತ್ತೇ ಪರದೆಗೆ ಬಿಳಿ ಬಣ್ಣ ಹೊಡೆಸಿದರು.

ಎರಡು ದಿನ ಕಳೆದು ಅದೇ ಹೆಂಗಸರು ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ತಂಗಿಯನ್ನು ತೋರಿಸಲು ಬಂದರು. ಆಟ ಮುಗಿದ ಮೇಲೆ ಹಿರಿಯಳೊಬ್ಬಳು ನನ್ನ ಎದುರಿಗೆ ಬಂದು ನಿಂತಳು.

"ತಂಗಿ ಪಾಲ್ಟ್ ಮಾಡೋಳು ಇವತ್ತು ಯಾಕಪ್ಪ ಬಂದಿಲ್ಲ? ರಜಾನಾ?"

ಮೇಷ್ಟ್ರ ಮನೆಯಲ್ಲಿ

ಡಬ್ಬ ಮಳವಳ್ಳಿಗೆ ಹೋಗಿ ಎರಡು ವಾರವಾಗಿತ್ತು. ನನ್ನ ಸೋದರಮಾವ ಊರಿಂದ ಬಂದ. ಮಳವಳ್ಳಿಯ ಮೇಷ್ಟ್ರೊಬ್ಬರ ಮಗಳನ್ನು ನೋಡಲು ಹೋಗುವುದೆಂದು ಗೊತ್ತುಮಾಡಿದ್ದ. ಅದಕ್ಕೆ ಮೊದಲು ಮೂರು ಮನೆಯವರು 'ಡಬ್ಬ ಹೊರೋನಿಗೆ ಹೆಣ್ಣು ಕೊಡಲ್ಲ' ಅಂದಿದ್ದರು. ಇದೂ ತಪ್ಪಿದರೆ ನನ್ನ ಕೈಲಿ ಆಗಲ್ಲ ಎಂದು ಮಾವ ದಾರಿಯುದ್ದಕ್ಕೂ ಹೇಳುತ್ತಿದ್ದ.

ಉಪ್ಪಿಟ್ಟು ಬಂತು. ಮೇಷ್ಟ್ರು ನನ್ನ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. "ನೀವೇ ಹೇಳಿ. ತಂಗಿ ಇದ್ದಳೋ, ಇಲ್ಲವೋ?" ಅಂದರು.

ಮೇಷ್ಟ್ರು 'ಇಲ್ಲ' ಪಕ್ಷ. ಮನಸ್ಸು ಎಂದರೇನು ಎಂದು ವಾರದಿಂದ ಸ್ಕೂಲಿನಲ್ಲೂ ಟೀ ಅಂಗಡಿಯಲ್ಲೂ ಪಾಠ ಮಾಡುತ್ತಿದ್ದರಂತೆ. ಗೋಡೆಗೆ ಒರಗಿ ಕೂತಿದ್ದ ಅವರ ತಾಯಿ 'ಇದ್ದಳು' ಪಕ್ಷ. ಇದೇ ವಿಷಯಕ್ಕೆ ತಾಯಿ ಮಗ ಮೂರು ದಿನದಿಂದ ಮಾತು ಬಿಟ್ಟಿದ್ದರು. ಇದ್ದಳು ಅಂದರೆ ಮೇಷ್ಟ್ರು ಹೆಣ್ಣು ಕೊಡುವುದಿಲ್ಲ. ಇಲ್ಲ ಅಂದರೆ ಅಜ್ಜಿ ಕೊಡಲು ಬಿಡುವುದಿಲ್ಲ. ಮಾವ ನನ್ನ ಕಾಲು ತುಳಿದ. ಯಾವ ಉತ್ತರಕ್ಕೆ ತುಳಿದನೋ ತಿಳಿಯಲಿಲ್ಲ.

ಕೊನೆಗೆ ನಿಜವನ್ನೇ ಹೇಳಿದೆ. "ಕೊನೆಯ ಎರಡು ನಿಮಿಷ ಬಿಟ್ಟರೆ ನಾನು ಆ ಸಿನಿಮಾ ನೋಡೇ ಇಲ್ಲ ಮೇಷ್ಟ್ರೇ. ಕಥೆ ಜನ ಹೇಳಿದ್ದು ಕೇಳಿ ಗೊತ್ತು. ಆಟ ನಡೆಯುವಾಗ ಎಷ್ಟು ಜನ ಬಂದಿದಾರೆ ಅಂತ ತಲೆ ಎಣಿಸ್ತಾ ನಿಂತಿರ್ತೀನಿ."

ಮೇಷ್ಟ್ರ ಮುಖ ಗಂಟಾಯಿತು. "ಡಬ್ಬ ಹೊತ್ಕೊಂಡು ಊರೂರು ತಿರುಗೋರು ನೋಡಿಲ್ಲ ಅಂದ್ರೆ ಯಾರು ನಂಬ್ತಾರೆ? ಮೊದಲನೇ ದಿನವೇ ಸುಳ್ಳು ಹೇಳೋ ಅಳಿಯ ನನಗೆ ಬೇಡ ಸ್ವಾಮಿ" ಎಂದು ಎದ್ದು ನಿಂತರು. ಮಾವ ಬ್ಯಾಗು ಕೈಗೆ ತೆಗೆದುಕೊಂಡ.

ಆಗ ಬಾಗಿಲ ಹಿಂದಿನಿಂದ ಒಂದು ಧ್ವನಿ ಬಂತು. ನಾನು ಆ ಧ್ವನಿ ಕೇಳಿದ್ದು ಅದೇ ಮೊದಲು. ಆಮೇಲೆ ನಲವತ್ತು ವರ್ಷಕ್ಕೂ ಮೇಲೆ ದಿನವೂ ಕೇಳಿದ್ದೇನೆ.

"ಸುಳ್ಳಲ್ಲ ಅಪ್ಪ. ಇವರು ಪರದೆಗೆ ಬೆನ್ನು ಹಾಕ್ಕೊಂಡೇ ನಿಂತಿರ್ತಾರೆ. ಬೆರಳು ಮಡಿಸಿ ಎಣಿಸ್ತಾರೆ. ಮಧ್ಯೆ ತಪ್ಪಿಹೋಗಿ ಮತ್ತೆ ಮೊದಲಿಂದ ಶುರು ಮಾಡ್ತಾರೆ."

ಮೇಷ್ಟ್ರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು.

"ನೀನು ಎಷ್ಟು ಸಲ ಹೋಗಿದ್ದೆ?"

"ಅಜ್ಜಿ ಜೊತೆ, ನಾಲ್ಕು ಸಲ."

"ಸಿನಿಮಾ ನೋಡೋಕೋ, ಇವರನ್ನ ನೋಡೋಕೋ?"

ಬಳೆ ಸದ್ದು ಅಡಿಗೆಮನೆಯ ಕಡೆ ಓಡಿತು. ಮೇಷ್ಟ್ರು ಮತ್ತೆ ಕೂತರು. ಆಗ ಅಜ್ಜಿ ಎಲೆಅಡಿಕೆಯ ತಟ್ಟೆ ಪಕ್ಕಕ್ಕಿಟ್ಟು, ಮೂರು ದಿನದ ಮೌನ ಮುರಿದರು.

"ಮನೇಲಿರೋ ಮಗಳ ಮನಸೇ ತಿಳೀನಿಲ್ಲ ನಿಂಗೆ. ಪರದೆ ಮ್ಯಾಲಿನೋಳ ಮನಸಿನ ಪಾಟ ಊರಿಗೆಲ್ಲ ಯೋಳ್ಕಂಡ್ ಬಂದ್ಯಲ್ಲೊ."