ಮುಖ ಕಿವುಚುವ ವಿದ್ಯೆ

ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಸಲಹೆ ಕೊಡಲು ನನ್ನಷ್ಟು ಯೋಗ್ಯ ಮನುಷ್ಯ ಅಣ್ಣಿಗೇರಿಯಲ್ಲಿ ಮತ್ತೊಬ್ಬನಿಲ್ಲ. ಕೇಳಿದರೂ ಕೊಡುತ್ತೇನೆ, ಕೇಳದಿದ್ದರೂ ಕೊಡುತ್ತೇನೆ. ನನ್ನ ಮಾತು ಕೇಳಿ ಹುಬ್ಬಳ್ಳಿಗೆ ಹೋದವರು ಇವತ್ತು ಒಳ್ಳೆಯ ಓಣಿಯಲ್ಲಿ, ಒಳ್ಳೆಯ ಸರಕಾರಿ ಶಾಲೆಯ ಬಾಜೂಕ, ಕೈಗೆಟುಕುವ ಬಾಡಿಗೆಯಲ್ಲಿ ಸುಖವಾಗಿದ್ದಾರೆ. ನಾನೆಲ್ಲಿದ್ದೇನೆ ಎಂದು ಮಾತ್ರ ಈಗಲೇ ಕೇಳಬೇಡಿ. ಸಿಟಿ ಬಸ್ಸು ಎಲ್ಲರನ್ನೂ ಇಳಿಸಿ, ಕಂಡಕ್ಟರ್ ಚೀಲ ಮಡಚಿಕೊಂಡು, ಡ್ರೈವರ್ ಬೀಡಿ ಹಚ್ಚುವ ಜಾಗವಿದೆಯಲ್ಲ, ಅಲ್ಲಿಂದ ಇನ್ನೂ ಒಂದಿಷ್ಟು ನಡೆಯಬೇಕು.

ನನ್ನದು ಕಾಳಿನ ವ್ಯಾಪಾರ. ಅಪ್ಪನಿಂದ ಬಂದದ್ದಲ್ಲ, ಬೇರೆಯವರ ಅಂಗಡಿಯಲ್ಲಿ ಚೀಲ ಹೊಲಿಯುತ್ತ, ಹಮಾಲರ ಜೊತೆ ಚಹಾ ಕುಡಿಯುತ್ತ, ನೋಡಿ ನೋಡಿ ಕಲಿತದ್ದು. ಕಲಿತದ್ದರಲ್ಲಿ ಮುಖ್ಯವಾದದ್ದು ಮುಖ ಕಿವುಚುವ ವಿದ್ಯೆ. ರೈತ ಚೀಲ ಬಿಚ್ಚುತ್ತಾನೆ. ಹೆಸರುಕಾಳು ಹಸಿರು ಮಣಿಯ ಹಾಗೆ ಹೊಳೆಯುತ್ತಿರುತ್ತದೆ. ಎದೆ ಅರಳುತ್ತದೆ. ಆದರೆ ಎದೆ ಎಷ್ಟು ಅರಳಿತೋ ಮುಖ ಅಷ್ಟು ಬಾಡಬೇಕು. ನಾಲ್ಕು ಕಾಳು ಬಾಯಿಗೆ ಹಾಕಿ, ಕಟಕ್ಕನೆ ಕಡಿದು, ಬೇವು ಅಗಿದವರ ಹಾಗೆ ಮೂಗು ಏರಿಸಿ, "ಹಸಿ ಐತಿ" ಅನ್ನಬೇಕು. ಆಮೇಲೆ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದು ನಡೆಯಬೇಕು. ತಕ್ಕಡಿ ದಾಟುವುದರೊಳಗೆ ಅವನು "ಬರ್ರಿ ಸಾವಕಾರ್ರ, ಹಂಗ್ಯಾಕ ಹೊಂಟ್ರಿ" ಎಂದು ಕರೆದೇ ಕರೆಯುತ್ತಾನೆ. ನಾನು ಸುಳ್ಳು ಹೇಳಿದ್ದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂಬುದು ನನಗೂ ಗೊತ್ತು. ನಮ್ಮಲ್ಲಿ ಇದಕ್ಕೆ ಮೋಸ ಅನ್ನುವುದಿಲ್ಲ, ಪದ್ಧತಿ ಅನ್ನುತ್ತಾರೆ. ಮಾಲನ್ನು ಬಾಯಿ ತುಂಬ ಹೊಗಳಿ ಕೊಳ್ಳುವವನನ್ನು ಕಂಡರೆ ಮಾರುವವನಿಗೇ ಅನುಮಾನ ಬರುತ್ತದೆ, ಈತನ ಹತ್ತಿರ ರೊಕ್ಕ ಇಲ್ಲವೇನೋ ಎಂದು.

ನನ್ನ ಮಗಳು ಗೌರಿ ಹುಟ್ಟಿದಾಗಿನಿಂದ ಅಂಗಡಿಯ ಚೀಲಗಳ ಮೇಲೆ ಆಡಿ ಬೆಳೆದವಳು. ಮಾತು ಸರಿಯಾಗಿ ಬರುವ ಮೊದಲೇ ಕಾಳು ಕಡಿದು ಮುಖ ಕಿವುಚುವುದು ಅವಳಿಗೆ ಬಂದಿತ್ತು. ಅವಳ ಆ ಮುಖ ನೋಡಿ ಹಮಾಲರು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ಬಂದವರಿಗೆಲ್ಲ ಮಾಡಿಸಿ ತೋರಿಸುತ್ತಿದ್ದೆ. ಬೇರೆಯವರ ಮಕ್ಕಳು ಬಂದವರೆದುರು ಪದ್ಯ ಹೇಳುತ್ತವೆ, ನನ್ನ ಮಗಳು ತೊಗರಿಯ ಧಾರಣೆ ಇಳಿಸುತ್ತಿದ್ದಳು.

ಗೌರಿ ಒಂದನೆಯ ಇಯತ್ತೆಗೆ ಹೋಗುವ ವರ್ಷ ಹೆಂಡತಿ ಮಂಗಳಾಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಸಿಕ್ಕಿತು. ದಿನಾ ಹೋಗಿ ಬಂದು ಮಾಡಿದರೆ ಮಗಳ ಮುಖ ನೋಡುವುದು ರವಿವಾರ ಮಾತ್ರ. ಅದಕ್ಕೆ ಹುಬ್ಬಳ್ಳಿಯಲ್ಲೇ ಮನೆ ಮಾಡುವುದು, ನಾನು ರೈಲಿನಲ್ಲಿ ಅಣ್ಣಿಗೇರಿಯ ಅಂಗಡಿಗೆ ಓಡಾಡುವುದು ಎಂದು ಠರಾವಾಯಿತು. ಮಂಗಳಾಳದು ಒಂದೇ ಷರತ್ತು. ನಾವಿಬ್ಬರೂ ಕನ್ನಡ ಸಾಲಿಯಲ್ಲೇ ಕಲಿತವರು, ಗೌರಿಯೂ ಅಲ್ಲೇ ಕಲಿಯಲಿ, ಆದರೆ ಸಾಲಿ ಚಲೋ ಇರಬೇಕು, ಮನೆ ಅದಕ್ಕೆ ಅಂಟಿಕೊಂಡಂತಿರಬೇಕು. ತಾನು ಡ್ಯೂಟಿಯಿಂದ ಬರುವುದು ಹೊತ್ತಾದರೆ ಕೂಸು ಎಲ್ಲೋ ಕೂತು ದಾರಿ ಕಾಯುವಂತಾಗಬಾರದು.

ಹುಡುಕುವ ಕೆಲಸ ನನ್ನ ಕೈಗೆ ಬಂತು. ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ನೀವು ಒಪ್ಪಲೇಬೇಕು. ಶಾಲೆಯನ್ನು ಕಟ್ಟಡ ನೋಡಿ ಅಳೆಯಬಾರದು. ಬಣ್ಣ ಯಾರು ಬೇಕಾದರೂ ಹಚ್ಚುತ್ತಾರೆ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಗೇಟಿನ ಹತ್ತಿರ ನಿಂತು ಸಾರಿನ ವಾಸನೆ ನೋಡಬೇಕು. ಗಂಟೆ ಹೊಡೆಯುವ ಮೊದಲೇ ಟೀಚರುಗಳ ಸ್ಕೂಟಿ ಬಂದು ನಿಂತಿವೆಯೇ ನೋಡಬೇಕು. ಶಾಲೆ ಬಿಟ್ಟಾಗ ಮಕ್ಕಳು ಓಡಿ ಪಾರಾಗುತ್ತವೋ, ಒಳಗೇ ತಿರುತಿರುಗಿ ನೋಡುತ್ತ ಬರುತ್ತವೋ ಅದನ್ನೂ ಗಮನಿಸಬೇಕು. ಇನ್ನು ಓಣಿಯ ಬಾಡಿಗೆ ತಿಳಿಯಲು ಯಾರನ್ನೂ ಕೇಳುವುದು ಬೇಡ. ಜೋಳ ಬೀಸುವ ಗಿರಣಿ ನಡೆಯುತ್ತಿದ್ದರೆ ನಮ್ಮಂಥವರು ಬದುಕಬಹುದು. ಗಿರಣಿ ಮುಚ್ಚಿ ಅದೇ ಜಾಗದಲ್ಲಿ ಕೇಕಿನ ಅಂಗಡಿ ಬಂದಿದ್ದರೆ ಚಪ್ಪಲಿ ತಿರುಗಿಸಿ ವಾಪಸ್ಸು ಬರಬೇಕು. ಹೀಗೆ ಶಾಲೆಗಳ ಗೇಟಿನಲ್ಲಿ ನಿಂತು ಮೂಗು ಎಳೆಯುವ ನನ್ನನ್ನು ಒಂದು ಕಡೆ ಪೊಲೀಸರು ವಿಚಾರಿಸಿದ್ದೂ ಉಂಟು, ಅದನ್ನು ವಿಸ್ತರಿಸುವುದಿಲ್ಲ.

ಕಡೆಗೆ ಒಂದು ಓಣಿ ಸಿಕ್ಕಿತು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯೂ ಬಾಡಿಗೆ ಏರುತ್ತದೆ. ಗಿರಣಿ ಗರಗರ ತಿರುಗುತ್ತಿತ್ತು. ಸಾರಿನಲ್ಲಿ ನುಗ್ಗಿಕಾಯಿಯ ವಾಸನೆ ಇತ್ತು. ಶಾಲೆಯ ಗೋಡೆಗೆ ಹತ್ತಿಕೊಂಡೇ ಒಂದು ಮನೆ ಖಾಲಿ ಇತ್ತು. ಮನೆಯ ಒಡತಿ ಅದೇ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಸುಶೀಲಾ ಅಕ್ಕೋರು. ನಮ್ಮ ಕಡೆ ಟೀಚರಿಗೆ ನಿವೃತ್ತಿ ಆಗಬಹುದು, ಅಕ್ಕೋರು ಎಂಬುದಕ್ಕೆ ಆಗುವುದಿಲ್ಲ. ಇಡೀ ಓಣಿ ಅವರನ್ನು ಹಾಗೇ ಕರೆಯುತ್ತಿತ್ತು.

ಮಂಗಳಾ ಮತ್ತು ಗೌರಿಯನ್ನು ಕರೆದುಕೊಂಡು ಹೋದೆ. ಮೊದಲು ಶಾಲೆ ನೋಡಿದೆವು. ಒಂದನೆಯ ಇಯತ್ತೆಯವರು ನೆಲದ ಮೇಲೆ ದುಂಡಗೆ ಕೂತು ಕಾಗದ ಕತ್ತರಿಸುತ್ತಿದ್ದರು. ಅಲ್ಲಿದ್ದ ಟೀಚರು ಗೌರಿಯ ಕೈಗೂ ಕತ್ತರಿ ಕೊಟ್ಟರು. ಅವಳು ಒಂದು ಹಸಿರು ಗಿಳಿ ಮಾಡಿದಳು. ಟೀಚರು ಅದನ್ನು ಕೋಣೆಗೆ ಅಡ್ಡಲಾಗಿ ಮೇಲೆ ಕಟ್ಟಿದ್ದ ದಾರಕ್ಕೆ, ಉಳಿದವರ ಗಿಳಿಗಳ ಸಾಲಿನಲ್ಲಿ ತೂಗು ಹಾಕಿದರು. ಗೌರಿ ಹೊರಗೆ ಬರಲು ಒಪ್ಪಲಿಲ್ಲ. ಎತ್ತಿಕೊಂಡು ತರಬೇಕಾಯಿತು. ಅಕ್ಕೋರ ಮನೆಯ ಮೆಟ್ಟಿಲ ಹತ್ತಿರ ಅವಳನ್ನು ಇಳಿಸಿ, ಒಳಗೆ ಏನು ಕಂಡರೂ ಚಲೋ ಐತಿ ಅನ್ನಬಾರದು, ಅಂಗಡಿಯಲ್ಲಿ ಮಾಡುವ ಮುಖ ಮಾಡಬೇಕು ಎಂದು ಕಿವಿಯಲ್ಲಿ ಹೇಳಿದೆ. ಮಂಗಳಾ ಕೇಳಿಸಿಕೊಂಡು, "ಇದೊಂದ್ ಸಲ ಬಾಯಿ ಮುಚ್ಕೊಂಡು ಹೂಂ ಅಂದ್ ಬಿಡ್ರಿ. ನಿಮಗ ಕೈ ಮುಗೀತೇನಿ" ಅಂದಳು. ವ್ಯವಹಾರ ಅರಿಯದವರ ಮಾತು ಎಂದು ನಾನು ನಕ್ಕೆ.

ಮನೆ ದೊಡ್ಡದಲ್ಲ, ಆದರೆ ಬೆಳಕಿತ್ತು. ಅಡುಗೆಮನೆಯ ಕಿಟಕಿಯಿಂದ ಶಾಲೆಯ ಅಂಗಳ ಪೂರಾ ಕಾಣುತ್ತಿತ್ತು. ರೊಟ್ಟಿ ಬಡಿಯುತ್ತಲೇ ಮಗಳನ್ನು ನೋಡಬಹುದಿತ್ತು. ನೀವು ಬರುವುದು ತಡವಾದರೆ ಕೂಸು ನನ್ನ ಹತ್ತಿರ ಇರಲಿ ಎಂದು ಅಕ್ಕೋರು ತಾವಾಗಿಯೇ ಮಂಗಳಾಗೆ ಹೇಳಿದರು. ಬಾಡಿಗೆಯನ್ನೂ ತಾವಾಗಿಯೇ ಹೇಳಿದರು. ನಾನು ಜಗ್ಗಾಡಿ ಕಡೆಗೆ ಎಲ್ಲಿಗೆ ಬಂದು ನಿಲ್ಲಬೇಕೆಂದುಕೊಂಡಿದ್ದೆನೋ, ಅವರು ಅದಕ್ಕಿಂತ ಕೆಳಗಿನಿಂದ ಶುರು ಮಾಡಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಾಲಿಗೆ ಬೀಳುತ್ತಿದ್ದರು. ನನಗೆ ಮಾತ್ರ ಇಷ್ಟು ಕಡಿಮೆಗೆ ಶುರು ಮಾಡುವವರು ಇನ್ನೂ ಇಳಿಯುತ್ತಾರೆ ಅನ್ನಿಸಿತು. ಎದೆ ಅರಳಿತು, ಮುಖ ತಾನಾಗಿಯೇ ಬಾಡಿತು. ಕಿಟಕಿ ಪಶ್ಚಿಮಕ್ಕಿದೆ, ಬಿಸಿಲು ಹೊಡೆಯುತ್ತದೆ ಎಂದೆ. ನಳ ಕೆಳಗಾಯಿತು ಎಂದೆ. ಅಷ್ಟಕ್ಕೇ ನಿಂತಿದ್ದರೆ ಇವತ್ತು ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

"ಮತ್ತ ಬಾಜೂಕ ಸರಕಾರಿ ಸಾಲಿ ಬ್ಯಾರೆ. ದಿನಾ ಗದ್ದಲ. ಇಂಥಲ್ಲೆ ಯಾರ್ ಬರ್ತಾರ್ರೀ ಈಗ?" ಅಂದೆ.

ಅಕ್ಕೋರು ಸಿಟ್ಟಾಗಲಿಲ್ಲ. ಡಬ್ಬಿಯಿಂದ ಒಂದು ಶೇಂಗಾ ಉಂಡಿ ತೆಗೆದು ಗೌರಿಗೆ ಕೊಟ್ಟು, "ನೀ ಹೇಳಬೇ ಅವ್ವಿ. ಸಾಲಿ ನೋಡಿ ಬಂದೆಲ್ಲ, ಹೆಂಗನಿಸ್ತು?" ಎಂದು ಕೇಳಿದರು.

ಗೌರಿ ನನ್ನ ಮುಖ ನೋಡಿದಳು. ಉಂಡಿಯನ್ನು ಒಂದು ಚೂರು ಕಡಿದಳು. ಬೇವು ಅಗಿದವರ ಹಾಗೆ ಮೂಗು ಏರಿಸಿದಳು. "ಅಷ್ಟೇನ್ ಚಲೋ ಇಲ್ರಿ" ಅಂದಳು.

ನಾಚಿಕೆಯಿಂದ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಯಿತು. ಇಂಥ ಮುಖ ಮಾಡಲು ನನಗೆ ಅರ್ಧ ಆಯುಷ್ಯ ಬೇಕಾಗಿತ್ತು.

"ಹಂಗಾದ್ರ ಬ್ಯಾಡ್ರಿ," ಅಂದರು ಅಕ್ಕೋರು. "ಈ ಸಾಲಿಗೆ ಮಕ್ಕಳನ್ನ ಕಳಸವ್ರಿಗೆ ಕೊಡಬೇಕಂತನ ನಾ ಬಾಡಿಗಿ ಕಮ್ಮಿ ಇಟ್ಟೇನಿ. ಮನಸಿಲ್ಲದ ಕೂಸನ್ನ ತಂದು ಇಲ್ಲಿ ಕೂಡಸೂದು ಚಲೋ ಅಲ್ಲ."

ಇದು ಬಾಡಿಗೆ ಇಳಿಸದಿರಲು ಅವರು ಹಾಕಿದ ಡಾವು ಎಂದು ತಿಳಿದೆ. ಎದ್ದೆ. ಟವೆಲ್ ಇರಲಿಲ್ಲ, ಇದ್ದ ಕರವಸ್ತ್ರವನ್ನೇ ಕೊಡವಿದೆ. ಮೆಟ್ಟಿಲು ಇಳಿದೆ. ಕರೆಯಲಿಲ್ಲ. ಸರಿಯಾಗಿಯೇ ಇದ್ದ ಚಪ್ಪಲಿಯ ಉಂಗುಟವನ್ನು ಬಗ್ಗಿ ಸರಿ ಮಾಡುತ್ತ ನಿಂತೆ. ಆಗಲೂ ಕರೆಯಲಿಲ್ಲ. ಹಿಂದೆ ಬಾಗಿಲು ಹಾಕಿದ ಸಪ್ಪಳವಾಯಿತು. ಇಲ್ಲಿ ಒಂದು ಸಲಹೆ: ಸಿಟ್ಟಿನಿಂದ ದಡಾರನೆ ಹಾಕಿದ ಬಾಗಿಲಾದರೆ ಆಸೆ ಬಿಡಬೇಡಿ. ಅವರು ಮೆಲ್ಲಗೆ, ಸಪ್ಪಳವಾದೀತು ಎಂಬಂತೆ ಹಾಕಿದ್ದರು.

ಆಟೋದಲ್ಲಿ ಗೌರಿ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಉಳಿದ ಉಂಡಿಯನ್ನು ಕಣ್ಣು ಮುಚ್ಚಿ ತಿಂದಳು, ಬೆರಳನ್ನೂ ನೆಕ್ಕಿದಳು. ಆಮೇಲೆ, "ಅಪ್ಪಾ, ನಾ ಬರೋಬ್ಬರಿ ಮಾಡಿದ್ನೆಲ್ಲ? ಇನ್ನ ಯಾವಾಗಿಂದ ಆ ಸಾಲಿಗೆ ಹೋಗೂಣು?" ಅಂದಳು. ಮಂಗಳಾ ಮುಖ ಆ ಕಡೆ ತಿರುಗಿಸಿ, "ನಿಮ್ಮ ಕೂಡ ಸಂತಿಗೆ ಬರಬೇಕು, ಮನಿ ನೋಡಾಕ ಬರಬಾರದು" ಎಂದಷ್ಟೇ ಅಂದಳು.

ಮರುದಿನ ಅಂಗಡಿ ತೆರೆಯದೆ ನಾನೊಬ್ಬನೇ ವಾಪಸ್ಸು ಹೋದೆ. ಹೋಗುವಾಗ ರೈಲಿನಲ್ಲಿ ಹೊಗಳುವುದನ್ನು ಅಭ್ಯಾಸ ಮಾಡಿದೆ, ರೂಢಿ ಇರಲಿಲ್ಲ ನೋಡಿ. ಅಕ್ಕೋರೆದುರು ನಿಂತು ಶಾಲೆ ಚಲೋ ಇದೆ, ಮನೆ ಚಲೋ ಇದೆ, ಪಶ್ಚಿಮದ ಬಿಸಿಲೂ ಚಲೋ ಇದೆ ಎಂದೆ. ಜೀವಮಾನದಲ್ಲೇ ಮೊದಲ ಸಲ, ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದೆ. ಅವರು ಕೂರಿಸಿ ಚಹಾ ಕೊಟ್ಟರು. ನಿನ್ನೆ ಸಂಜೆಯೇ ಗೋಡೆಗೆ ಬಣ್ಣ ಹಚ್ಚುವವನೊಬ್ಬ ಹೆಂಡತಿ ಮಕ್ಕಳ ಜೊತೆ ಬಂದಿದ್ದನಂತೆ. ಬಂದವನೇ, ಈ ಸಾಲಿ ಬಾಜೂಕ ಜಾಗ ಸಿಕ್ಕರೆ ನಮ್ಮ ಪುಣ್ಯ ಎಂದನಂತೆ. ಅವನಿಗೆ ಮಾತು ಕೊಟ್ಟಾಗಿತ್ತು. ನಾನು, ನಿನ್ನೆ ಆಡಿದ್ದು ಬರೀ ವ್ಯಾಪಾರದ ಮಾತು ಎಂದು ತೊದಲಿದೆ.

"ನಿಮ್ಮದು ವ್ಯಾಪಾರದ ಮಾತಂತ ನನಗೂ ತಿಳೀತ್ರಿ," ಅಂದರು ಅಕ್ಕೋರು. "ಕೂಸಿಂದೂ ವ್ಯಾಪಾರದ ಮಾತಂತ ತಿಳೀಲಿಲ್ಲ ನೋಡ್ರಿ."

ಈಗಿನ ಮನೆ ದೊಡ್ಡದು. ಬಾಡಿಗೆಯನ್ನು ಬೇಕಾದಷ್ಟು ಇಳಿಸಿದ್ದೇನೆ. ಮನೆಯ ಒಡೆಯ ಇಳಿಯುತ್ತಲೇ ಹೋದ, ಯಾಕೆ ಎಂದು ಬೇಸಿಗೆಯಲ್ಲಿ ನಳದ ನೀರು ಬರುವುದು ನಿಂತಾಗ ಗೊತ್ತಾಯಿತು. ಗೌರಿ ಹೋಗುವುದು ಬೇರೆ ಶಾಲೆಗೆ, ಅದಕ್ಕೂ ಎರಡು ಬಸ್ಸು. ಸಂಜೆ ಎಲ್ಲರೂ ಹೋದ ಮೇಲೆ ಅವಳು ಶಾಲೆಯ ಕಟ್ಟೆಯ ಮೇಲೆ ಪಾಟಿಚೀಲ ತಬ್ಬಿಕೊಂಡು ಅವ್ವನ ದಾರಿ ಕಾಯುತ್ತಾಳೆ. ಯಾವುದು ಆಗಬಾರದೆಂದು ಮಂಗಳಾ ಅಂದಿದ್ದಳೋ ಅದೇ ಆಗಿದೆ. ಅವಳು ಆಡಿ ತೋರಿಸುವುದಿಲ್ಲ. ರೊಟ್ಟಿ ಬಡಿಯುವಾಗ ಮುಂದಿನ ಖಾಲಿ ಗೋಡೆಯನ್ನು ಒಮ್ಮೊಮ್ಮೆ ನೋಡುತ್ತಾಳೆ, ಅಷ್ಟೇ. ಮೊದಮೊದಲು ಗೌರಿ ಮಲಗುವಾಗ, ನನ್ನ ಗಿಳಿ ಇನ್ನೂ ಅಲ್ಲೇ ಇರುತ್ತದೇನು ಎಂದು ಕೇಳುತ್ತಿದ್ದಳು. ಇರುತ್ತದೆ ಎನ್ನುತ್ತಿದ್ದೆ. ಈಗ ಕೇಳುವುದಿಲ್ಲ.

ಅಣ್ಣಿಗೇರಿಯಿಂದ ಈಗಲೂ ಜನ ಸಲಹೆಗೆ ಬರುತ್ತಾರೆ. ಸಾರಿನ ವಾಸನೆ, ಸ್ಕೂಟಿ, ಗಿರಣಿ ಎಲ್ಲ ಹೇಳುತ್ತೇನೆ. ಮನೆ ಮನಸ್ಸಿಗೆ ಬಂದರೆ ಬಂತು ಎಂದು ಬಾಯಿಬಿಟ್ಟು ಹೇಳಿಬಿಡಿ ಎಂದೂ ಈಗ ಸೇರಿಸುತ್ತೇನೆ. ಇಂಥ ದೊಡ್ಡ ವ್ಯಾಪಾರಿ ಇದೇನು ಹೇಳುತ್ತಾನೆ ಎಂದು ಅವರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಯಾವ ರೈತನ ರೆಪ್ಪೆ ಅಲುಗಿದರೂ ಅವನ ಮನಸ್ಸಿನ ಧಾರಣೆ ಹೇಳಬಲ್ಲೆ ಎಂದು ಊರಲ್ಲಿ ನನಗೆ ಹೆಸರಿದೆ. ದಿನಾ ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಕೇಳುತ್ತೇನೆ, ಇವತ್ತು ಸಾಲಿ ಹೆಂಗಿತ್ತವ್ವಾ ಎಂದು. ಅವಳು ರೊಟ್ಟಿಯ ಚೂರು ಕಡಿದು, ಮೂಗು ಏರಿಸಿ, "ಅಷ್ಟೇನ್ ಚಲೋ ಇಲ್ಲ" ಅನ್ನುತ್ತಾಳೆ. ನಿಜವಾಗಿಯೂ ಚಲೋ ಇಲ್ಲವೋ, ಬಹಳ ಚಲೋ ಇರುವುದಕ್ಕೆ ಹಾಗೆ ಅನ್ನುತ್ತಾಳೋ, ಎಷ್ಟು ಹೊತ್ತು ಮುಖ ನೋಡಿದರೂ ತಿಳಿಯುವುದಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೇನೆ.